ಗರ್ ಅಂತೈತಿ, ಚಾಲೂ ಆಗವಲ್ದು

ಬಳ್ಳಾರಿಯಾಗ ಮನುಷ್ಯ ದಾರಿಯಲ್ಲಿ ಬಿದ್ದರೆ ನಾಲ್ಕು ಮಂದಿ ಬರುತ್ತಾರೆ. ಕಾರಿನ ಬಾನೆಟ್ ಎತ್ತಿದರೆ ಇಡೀ ಓಣಿ ಬರುತ್ತದೆ. ಈ ವರ್ಷ ನಮ್ಮ ಮನಿ ಮುಂದೆ ದಿನಾ ಅದೇ ಆಯಿತು. ನಗಬಾರದು ಅಂತ ಇದ್ದೆ. ಆಗಲಿಲ್ಲ.

ಕಾರು ನನ್ನದಲ್ಲ. ನಮ್ಮಾಕಿದು, ಹೆಂಡತಿದು. ಆಕಿ ಕಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಹಾಕುತ್ತಿದ್ದಳು. ವ್ಯಾಪಾರ ಕುದುರಿದ ಮ್ಯಾಲೆ ಒಂದು ಹಳೇ ಕಾರು ತಗೊಂಡಳು. ಓಡಿಸೋದು ತಾನೇ ಕಲಿತಳು. ನಾನು ಹತ್ತಿ ಮಂಡಿಯ ಹಮಾಲಿ. ಚೀಲ ಹೊರೋದು ಗೊತ್ತು, ಗೇರ್ ಹಾಕೋದು ಗೊತ್ತಿಲ್ಲ. ಆಕಿ ಓಡಿಸಾಕಿ, ನಾನು ಬಾಜೂಕ ರೊಟ್ಟಿ ಬುಟ್ಟಿ ತೊಡಿ ಮ್ಯಾಲೆ ಇಟ್ಟುಕೊಂಡು ಕುಂದರಾವ. ಗಾಂಧಿನಗರದ ಮಂದಿ ನೋಡಿ ನಗೋರು. ನಗಲಿ ಬಿಡು, ಗಾಳಿ ಚಲೋ ಬರ್ತಿತ್ತು.

ಹೋದ ವರ್ಷ ಆಕಿ ತೀರಿಕೊಂಡಳು. ಕಾರು ನಿಂತಲ್ಲೇ ನಿಂತಿತು. ನಾನು ಅದರಾಗ ಹೋಗಿ ಕುಂದ್ರಾಕ ಹತ್ತಿದೆ. ಚಹಾ ಅಲ್ಲೇ. ಮಧ್ಯಾಹ್ನದ ನಿದ್ದಿ ಅಲ್ಲೇ. ಓಣಿಯವರು ಮಗಳಿಗೆ ಫೋನ್ ಮಾಡಿದರು. ಮಗಳು ಸಿರುಗುಪ್ಪದಾಗ ನರ್ಸು. ಬಸ್ ಹತ್ತಿ ಬಂದಳು. ಕಾರಿನ ಗಾಜು ಬಡಿದಳು. ನಾನು ಗಾಜು ಇಳಿಸಿದೆ.

"ಅಪ್ಪಾ, ಓಡೋ ಗಾಡಿಯಾಗ ಕುಂದ್ರು, ಬ್ಯಾಡ ಅನ್ನಂಗಿಲ್ಲ. ನಿಂತ ಗಾಡಿಯಾಗ ಹಿಂಗ ಕುಂತ್ರ ನನ್ನ ಹೊಟ್ಟಿ ಉರೀತೈತಿ."

"ಓಡ್ತೈತಿ ಬಿಡವ್ವ."

"ಹಂಗಾದ್ರ ಓಡಿಸು. ಅಮಾಸಿ ತನಕ ಟೈಮ್ ಕೊಟ್ಟೀನಿ. ಅಷ್ಟರಾಗ ಚಾಲೂ ಆಗ್ಲಿಲ್ಲಂದ್ರ ಗುಜರಿಯವನ್ನ ಕರಕೊಂಡು ಬರ್ತೀನಿ."

ಆಕಿ ಅವ್ವನ ಮಗಳು. ಅಂದಳಂದ್ರ ಅಂದಳು. ನಾನು ಕೀಲಿ ತಿರುವಿದೆ. ಗರ್ ಗರ್ ಗರ್ ಅಂತು. ಚಾಲೂ ಆಗಲಿಲ್ಲ.

ಒಂದು: ಎಲ್ಲರೂ ದಬ್ಬಿದ್ದು

ಮೊದಲು ಬಂದವನು ಎದುರು ಮನಿ ಬ್ಯಾಂಡಿನವ. ಮದುವಿ ಬ್ಯಾಂಡಿನಾಗ ಕ್ಲಾರಿನೆಟ್ ಊದುತ್ತಾನೆ. ಅವನಿಗೆ ಲೋಕದ ಎಲ್ಲಾ ರೋಗ ಕಿವಿಯಿಂದ ಗೊತ್ತಾಗುತ್ತದೆ. ಬಾನೆಟ್ ಎತ್ತಿಸಿದ. ಕಣ್ಣು ಮುಚ್ಚಿದ.

"ತಿರುವು," ಅಂದ.

ತಿರುವಿದೆ. ಗರ್ ಗರ್ ಗರ್.

"ಇನ್ನೊಂದು ಸಲ."

ಗರ್ ಗರ್ ಗರ್.

"ಮಾವಾ, ತಾಳ ಸರಿ ಐತಿ. ಶ್ರುತಿ ಹತ್ತವಲ್ದು."

"ಅಂದ್ರ?"

"ಅಂದ್ರ ಬ್ಯಾಟರಿ ಹೋಗೈತಿ."

"ಬ್ಯಾಟರಿ ಹೋಗಿದ್ರ ಗರ್ ಅಂತಿತ್ತೇನಲೇ? ರೇಡಿಯೋ ಕೇಳಾಕ ತಿಂಗಳಿಗೊಮ್ಮಿ ಚಾರ್ಜ್ ಮಾಡಸ್ತೀನಿ."

ಅವನು ಯೋಚನೆ ಮಾಡಿದ. ಅಷ್ಟರಾಗ ಇಡ್ಲಿ ಅಂಗಡಿಯವ ಬಂದ. ಇಸ್ತ್ರಿಯವ ಬಂದ. ಯಾರದೋ ಮನಿಗೆ ಬಂದಿದ್ದ ಬೀಗರು ಬಂದರು. ಬೀಗರು ಊರಿಗೆ ಹೊಸಬರು, ಆದರೂ ಅವರಿಗೇ ಜಾಸ್ತಿ ಗೊತ್ತಿತ್ತು. "ದಬ್ರಿ. ದಬ್ಬಿ ಗೇರ್ ಹಾಕಿದ್ರ ಸತ್ತ ಗಾಡಿನೂ ಏಳ್ತೈತಿ," ಅಂದರು.

ಎಲ್ಲರೂ ತೋಳು ಏರಿಸಿದರು. ನಮ್ಮ ಓಣಿ ಮುಂದೆ ಸ್ವಲ್ಪ ಇಳಿಜಾರು. "ಹೈಸಾ" ಅಂದರು. ಕಾರು ಅಲುಗಿತು. ವರ್ಷದಿಂದ ನಿಂತ ಗಾಲಿ ಕಿರ್ರ್ ಅಂತ ತಿರುಗಿತು. ನನಗೆ ಹುರುಪು ಬಂತು. ನಾನೂ ಹಿಂದೆ ಹೋಗಿ ಭುಜ ಕೊಟ್ಟೆ. ಹಮಾಲಿ ಭುಜ. ಕಾರು ಓಡಿತು. ನಾವೂ ಓಡಿದೆವು. ಇಳಿಜಾರು ಬಂತು. ಕಾರು ನಮ್ಮ ಕೈ ಬಿಟ್ಟು ಮುಂದೆ ಹೋಯಿತು.

"ಈಗ ಹಾಕು ಗೇರು!" ಅಂತ ಬೀಗರು ಕೂಗಿದರು.

"ಹಾಕಲೇ ಗೇರು!" ಅಂತ ಬ್ಯಾಂಡಿನವ ಕೂಗಿದ.

"ಹಾಕು, ಹಾಕು!" ಅಂತ ನಾನೂ ಕೂಗಿದೆ.

ಯಾರೂ ಹಾಕಲಿಲ್ಲ. ಇಸ್ತ್ರಿಯವ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಮೆಲ್ಲಗೆ ಕೇಳಿದ, "ಅಜ್ಜಾ, ಒಳಗ ಯಾರು ಅದಾರ?"

ಒಳಗೆ ಯಾರೂ ಇರಲಿಲ್ಲ. ಎಲ್ಲರೂ ಹಿಂದೆಯೇ ಇದ್ದೆವು. ಕಾರು ಒಬ್ಬಂಟಿಯಾಗಿ ಓಣಿ ದಾಟಿತು. ಮಲಗಿದ್ದ ಎಮ್ಮಿಯನ್ನು ನೋಡಿ, ಬಾಜೂಕ ಹೊರಳಿ, ಯಾರೋ ಮನಿ ಕಟ್ಟಿಸಲು ಹಾಕಿದ್ದ ಉಸುಕಿನ ರಾಶಿಗೆ ಮೂತಿ ಇಟ್ಟು ನಿಂತಿತು.

ಎಲ್ಲರೂ ಓಡಿ ಹೋಗಿ ನೋಡಿದೆವು. ಗೀರು ಸುದ್ದಾ ಬಿದ್ದಿರಲಿಲ್ಲ. ಬ್ಯಾಂಡಿನವ ತಲಿ ಅಲ್ಲಾಡಿಸಿದ. "ಮಾವಾ, ನಾವು ಯಾರೂ ಇಲ್ಲಂದ್ರ ಗಾಡಿ ಬಾಳ ಚಲೋ ಓಡ್ತೈತಿ."

ಎರಡು: ನೇಮದ ಗಾಡಿ

ಕಾರನ್ನು ಮತ್ತೆ ದಬ್ಬಿ ಮನಿ ಮುಂದೆ ತಂದು ನಿಲ್ಲಿಸಿದೆವು. ಮರುದಿನ ಮೇಸ್ತ್ರಿಯನ್ನು ಕರೆಸಿದೆ. ನನ್ನ ವಾರಿಗಿಯವ. ಕೌಲ್ ಬಜಾರಿನಾಗ ಅವನ ಗ್ಯಾರೇಜು. ನಾವಿಬ್ಬರೂ ಸಣ್ಣವರಿದ್ದಾಗಿಂದ ಬೈದಾಡಿಕೊಂಡೇ ಬೆಳೆದವರು. ಸಾಲಿ ಬಿಟ್ಟದ್ದೂ ಕೂಡೇ. ಅವನು ಬಂದ. ಕಾರಿನ ಸುತ್ತ ಒಂದು ಸುತ್ತು ಹಾಕಿದ. ಉಸುಕು ಕೊಡವಿದ.

"ಭಾಬಿ ಗಾಡಿ. ಹೆಂಗ ಇಟ್ಟಿದ್ಲು. ಈಗ ನೋಡು, ನಿನ್ನಂಗ ಆಗೈತಿ."

"ಕೆಲಸ ಮಾಡು."

"ಮಾಡ್ತೀನಿ ಯಾರ್. ಕಾರು ಅಂದ್ರ ಏನು? ಕರೆಂಟು, ಎಣ್ಣಿ, ಗಾಳಿ. ಮೂರು ಇದ್ರ ಓಡಬೇಕು. ಒಂದೊಂದ ನೋಡೋಣ. ಮೊದಲು ಕರೆಂಟು."

ಒಂದು ಪ್ಲಗ್ ಬಿಚ್ಚಿ ವಯರಿಗೆ ಸಿಕ್ಕಿಸಿದ. ಬ್ಯಾಂಡಿನವ ಆಗಲೇ ಬಂದು ಬಗ್ಗಿ ನಿಂತಿದ್ದ. ಮೇಸ್ತ್ರಿ ಅವನ ಕೈಗೆ ಅದನ್ನು ಕೊಟ್ಟ. "ಇದನ್ನ ಕಬ್ಬಿಣಕ್ಕ ತಾಗಿಸಿ ಹಿಡಿ. ರಬ್ಬರ್ ಇರೋ ಕಡೆ ಹಿಡಿ. ಕಿಡಿ ಬರ್ತೈತೇನು ನೋಡಿ ಹೇಳು." ನನಗೆ ಹೇಳಿದ, "ತಿರುವು."

ತಿರುವಿದೆ. ಗರ್ ಅಂತು. ಬ್ಯಾಂಡಿನವ "ಅವ್ವಾ" ಅಂದ. ಹಿಂದಕ್ಕೆ ಜಿಗಿದು ತುಳಸಿ ಕಟ್ಟಿ ಮ್ಯಾಲೆ ಕುಂತ. ರಬ್ಬರ್ ಬಿಟ್ಟು ಬ್ಯಾರೆ ಕಡೆ ಹಿಡಿದಿದ್ದ.

"ಕಿಡಿ ಬಂತೇನಪ್ಪ?" ಅಂತ ಮೇಸ್ತ್ರಿ ಕೇಳಿದ.

"ನೋಡಾಕ ಆಗ್ಲಿಲ್ಲ. ಆದ್ರ ಬಂದೈತಿ."

"ಕರೆಂಟು ಐತಿ," ಅಂತ ಮೇಸ್ತ್ರಿ ನನಗೆ ಹೇಳಿದ. "ಇನ್ನ ಎಣ್ಣಿ. ಪೆಟ್ರೋಲ್ ಐತೇನು?"

"ಅರ್ಧ ಟ್ಯಾಂಕ್ ಐತಿ. ಮುಳ್ಳು ನೋಡು."

ಮುಳ್ಳು ಅರ್ಧಕ್ಕೇ ಇತ್ತು. ಮೇಸ್ತ್ರಿ ನಂಬಿದ. ಕಾರ್ಬುರೇಟರ್ ಬಿಚ್ಚಿದ. ಊದಿದ. ಪೈಪ್ ಬಿಚ್ಚಿದ. ಬಾಯಿ ಹಚ್ಚಿ ಎಳೆದ. ಪಂಪ್ ಬಿಚ್ಚಿದ. ನಮ್ಮ ಕಟ್ಟಿ ಮ್ಯಾಲೆ ಎಲ್ಲಾ ಸಾಮಾನು ಸಂತಿಗೆ ಹಾಕಿದಂಗೆ ಹರವಿದ. ಬಿಸಿಲು ಏರಿತು. ಎಲ್ಲಿಯೂ ಹನಿ ಪೆಟ್ರೋಲ್ ಬರಲಿಲ್ಲ. ಅವನ ಗಡ್ಡದಿಂದ ಬೆವರು ಇಳಿಯುತ್ತಿತ್ತು. ಕಡೆಗೆ ನನ್ನನ್ನು ಕರೆದ.

"ಒಂದು ಮಾತು ಹೇಳು. ಭಾಬಿ ಇದ್ದಾಗ ಮುಳ್ಳು ಎಲ್ಲಿ ಇರ್ತಿತ್ತು?"

"ಅರ್ಧಕ್ಕ."

"ಪೆಟ್ರೋಲ್ ತುಂಬಿಸಿದ ಮ್ಯಾಲೆ?"

"ಆಗಲೂ ಅರ್ಧಕ್ಕ."

"ಸಿರುಗುಪ್ಪಕ್ಕ ಹೋಗಿ ಬಂದ ಮ್ಯಾಲೆ?"

"ಅರ್ಧಕ್ಕ. ಬಾಳ ನೇಮದ ಗಾಡಿ ಮೇಸ್ತ್ರಿ. ಒಂದು ದಿನ ಹೆಚ್ಚು ಇಲ್ಲ, ಕಮ್ಮಿ ಇಲ್ಲ."

ಮೇಸ್ತ್ರಿ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ. ನನ್ನ ಮುಖ ನೋಡಿದ. ಟ್ಯಾಂಕಿನ ಮುಚ್ಚಳ ತೆಗೆದು ತೆಂಗಿನ ಕಡ್ಡಿ ಬಿಟ್ಟ. ಕಡ್ಡಿ ಒಣದಾಗಿ ಒಳಗೆ ಹೋಯಿತು, ಒಣದಾಗಿಯೇ ಹೊರಗೆ ಬಂತು.

"ತೋಬಾ ತೋಬಾ," ಅಂದ. "ಇಂಥಾವನ್ನ ಬಾಜೂಕ ಕುಂದ್ರಿಸಿಕೊಂಡು ಆಕಿ ಅಷ್ಟು ವರ್ಷ ಓಡಿಸ್ಯಾಳಲ್ಲ, ಆಕಿಗೆ ಬಹುಮಾನ ಕೊಡಬೇಕು."

ಪೆಟ್ರೋಲ್ ತಂದು ಹಾಕಿದೆವು. ಎಲ್ಲಾ ಜೋಡಿಸಿದ. ಕೀಲಿ ತಿರುವಿದೆ. ಗರ್ ಅಂತು, ಒಂದು ಸಲ ಕೆಮ್ಮಿತು, ಮತ್ತೆ ಗರ್ ಅಂತು. ಅಷ್ಟೇ.

"ಕೆಮ್ಮಿತು!" ಅಂದೆ.

"ಮುದುಕರು ಕೆಮ್ಮೇ ಕೆಮ್ತಾರ," ಅಂದ ಮೇಸ್ತ್ರಿ. ಕರೆಂಟ್ ಹಂಚುವ ಡಬ್ಬಿಯ ಮುಚ್ಚಳ ತೆಗೆದ. ಒಳಗಿನ ಪಾಯಿಂಟ್ ಸವೆದೈತಿ, ಕಿಡಿ ಜೋರಿಲ್ಲ, ಉಜ್ಜಿ ಸರಿ ಮಾಡೀನಿ, ನಾಳೆ ಬಂದು ಮುಚ್ತೀನಿ ಅಂತ ಹೇಳಿ ಊಟಕ್ಕೆ ಹೋದ.

ಮುಚ್ಚಿಯೇ ಹೋಗಬೇಕಿತ್ತು.

ಮೂರು: ಇಬತ್ತಿ

ಅವತ್ತು ಸಂಜೆ ಬಸ್ಸಿಗೆ ಕುರುಗೋಡಿನಿಂದ ನಮ್ಮಾಕಿಯ ಅಕ್ಕ ಬಂದಳು. ನನಗಿಂತ ಹಿರಿಯಳು. ಆಕಿಯ ಎದುರಿಗೆ ನಾನು ಇವತ್ತಿಗೂ ಕಾಲು ಚಾಚಿ ಕುಂದರುವುದಿಲ್ಲ. ಚೀಲ ಇಟ್ಟು, ನೀರು ಸುದ್ದಾ ಕುಡಿಯದೆ ಕೇಳಿದಳು, "ಗಾಡಿಗೆ ಏನು ಮಾಡ್ಸಿರಿ?"

"ಮೇಸ್ತ್ರಿ ನೋಡ್ಯಾನ ಅಕ್ಕಾ."

"ಮೇಸ್ತ್ರಿ ನೋಡಿದ್ರ ಆತೇನು? ವರ್ಷದಿಂದ ಪೂಜಿ ಇಲ್ಲ. ಕಣ್ಣು ಬಿದ್ದೈತಿ. ನೀವು ಒಳಗ ಕುಂದ್ರಿ. ನಿಮಗ ತಿಳಿಯಂಗಿಲ್ಲ."

ನಾನು ಒಳಗೆ ಕುಂತೆ. ಹೊರಗೆ ಗಂಟಿ ಸಪ್ಪಳ ಕೇಳಿಸಿತು. ಊದಿನಕಡ್ಡಿ ವಾಸನಿ ಬಂತು. ತೆಂಗಿನಕಾಯಿ ಒಡೆದಳು. ಗಾಲಿಗೆ ನಿಂಬಿಹಣ್ಣು ಇಟ್ಟಳು. ನನಗೆ ಸಮಾಧಾನ ಆಯಿತು. ದೇವರು ಮಾಡಿದ್ರ ಆಗಲಿ, ಮೇಸ್ತ್ರಿ ಮಾಡಿದ್ರ ಆಗಲಿ, ಅಮಾಸಿ ಹತ್ತಿರ ಬರ್ತಿತ್ತು.

ಮರುದಿನ ಮೇಸ್ತ್ರಿ ಬಂದ. ಡಬ್ಬಿ ಮುಚ್ಚಿದ. "ಈಗ ನೋಡು," ಅಂದ. ತಿರುವಿದೆ. ಗರ್. ಕೆಮ್ಮು ಸುದ್ದಾ ಇಲ್ಲ.

ಪ್ಲಗ್ ಬಿಚ್ಚಿದ. ಬ್ಯಾಂಡಿನವನ ಕಡೆ ನೋಡಿದ. ಬ್ಯಾಂಡಿನವ ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡ. ಮೇಸ್ತ್ರಿ ತಾನೇ ಹಿಡಿದ. ಕಿಡಿ ಇಲ್ಲ.

"ಅರೇ, ನಿನ್ನೆ ಇದ್ದ ಕರೆಂಟು ಇವತ್ತು ಎಲ್ಲಿ ಹೋತು?"

ಡಬ್ಬಿಯ ಮುಚ್ಚಳ ಮತ್ತೆ ತೆಗೆದ. ಬಗ್ಗಿದ. ಹಂಗೇ ನಿಂತ. "ಇಲ್ಲಿ ಬಾ," ಅಂತ ನನಗೆ ಕೈ ಮಾಡಿದ.

ನೋಡಿದೆ. ಒಳಗೆ, ಕಿಡಿ ಹುಟ್ಟುವ ಆ ಸಣ್ಣ ಪಾಯಿಂಟಿನ ಮ್ಯಾಲೆ, ಮೂರು ಬೆರಳ ಇಬತ್ತಿ. ನಡುವೆ ಕುಂಕುಮ. ಮ್ಯಾಲೆ ಒಂದು ಮಲ್ಲಿಗಿ ಎಸಳು.

ಅಕ್ಕ ಹೊರಗೆ ಬಂದಳು. "ಏನಾತು?"

"ಅಕ್ಕಾ, ಇದರಾಗ ಇಬತ್ತಿ ಹಚ್ಚಿರೇನು?"

"ಎಲ್ಲಾದಕ್ಕೂ ಹಚ್ಚೀನಿ. ಕಣ್ಣಿಗೆ ಕಂಡದ್ದು ಒಂದೂ ಬಿಟ್ಟಿಲ್ಲ. ಅದೊಂದ ಡಬ್ಬಿ ಬಾಯಿ ತಗದು ದೇವರ ಗೂಡಿನಂಗ ಇತ್ತು. ಹಂಗಾಗಿ ಅದಕ್ಕ ಜಾಸ್ತಿ ಹಚ್ಚಿದೆ."

ಮೇಸ್ತ್ರಿ ಎರಡೂ ಕೈ ಮ್ಯಾಲೆತ್ತಿದ. "ಅಕ್ಕಾರ, ಬೂದಿ ದಾಟಿ ಕರೆಂಟು ಬರಂಗಿಲ್ರಿ. ಒರಸಬೇಕು."

"ಒರಸು."

"ನಾನು ಒರಸಂಗಿಲ್ರಿ. ನೀವು ಹಚ್ಚಿದ್ದು ನಿಮ್ಮ ದೇವ್ರಿಗೆ. ನಾನು ಒರಸಿದ್ರ ನಾಳೆ ಗಾಡಿ ಚಾಲೂ ಆಗದಿದ್ರ ಮಾತು ನನ್ನ ಮ್ಯಾಲೆ ಬರ್ತೈತಿ." ನನ್ನ ಕಡೆ ತಿರುಗಿದ. "ನೀನ ಒರಸಪ್ಪ."

ನಾನು ಅಕ್ಕನ ಮುಖ ನೋಡಿದೆ. ಒರೆಸುವ ಧೈರ್ಯ ನನಗೆಲ್ಲಿಯದು? ಬ್ಯಾಂಡಿನವನ ಕಡೆ ನೋಡಿದೆ. ಅವನು "ನನಗ ಮದುವಿ ಐತಿ" ಅಂತ ಹೋಗೇಬಿಟ್ಟ. ಅವತ್ತು ಎಲ್ಲಿಯೂ ಮದುವಿ ಇರಲಿಲ್ಲ.

ಹಿಂಗೆ ಇಬ್ಬರು ಗಂಡಸರು ಒಂದು ಚಿಟಿಕಿ ಬೂದಿಯ ಮುಂದೆ ಕೈ ಕಟ್ಟಿಕೊಂಡು ನಿಂತೆವು. ಅಕ್ಕ ನಮ್ಮಿಬ್ಬರನ್ನೂ ನೋಡಿದಳು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ತೆಗೆದಳು. ತುದಿಯಿಂದ ಸರ್ ಅಂತ ಒರೆಸಿದಳು. ಆ ಇಬತ್ತಿಯನ್ನು ತಗೊಂಡು ಮೇಸ್ತ್ರಿ ಹಣಿಗೆ ಒಂದಿಷ್ಟು, ನನ್ನ ಹಣಿಗೆ ಒಂದಿಷ್ಟು ಹಚ್ಚಿದಳು.

"ಗಾಡಿಗೆ ಬ್ಯಾಡಂದ್ರ ನಿಮಗರ ಇರ್ಲಿ," ಅಂದಳು. "ನಿಮ್ಮಿಬ್ಬರಿಗೂ ಬಾಳ ದಿನದಿಂದ ಕರೆಂಟ್ ಇಲ್ಲ."

ನಾಲ್ಕು: ಸಿರುಗುಪ್ಪದ ಕಂಪ್ಯೂಟರ್

ಕಿಡಿ ವಾಪಸ್ ಬಂತು. ಪೆಟ್ರೋಲ್ ಇತ್ತು. ಆದರೂ ಗರ್. ಮಗಳಿಗೆ ಫೋನ್ ಮಾಡಿ ಹೇಳಿದೆ. "ಇಲ್ಲಿ ಒಬ್ಬರು ಲ್ಯಾಪ್‌ಟಾಪ್ ಹಚ್ಚಿ ಕಂಡುಹಿಡೀತಾರಪ್ಪ. ಕರಕೊಂಡು ಬಾ," ಅಂದಳು. ಕಾರನ್ನು ಕರಕೊಂಡು ಬಾ ಅಂದಳು, ಬಸ್ಸಿನಾಗ ಕರಕೊಂಡು ಬರೋ ಹಂಗೆ.

ಹತ್ತಿ ಮಂಡಿಯಾಗ ಪರಿಚಯದ ಲಾರಿಯವ ಇದ್ದ. ಸಿರುಗುಪ್ಪದ ಆಚಿ ಕರೂರಿನವ. ಖಾಲಿ ಲಾರಿ ಊರಿಗೆ ಹೊರಟಿತ್ತು. ಕಾರಿಗೆ ಹಗ್ಗ ಕಟ್ಟಿ ಸಿರುಗುಪ್ಪದಾಗ ಬಿಡ್ತೀನಿ ಅಂದ. ಮೇಸ್ತ್ರಿಗೆ ಲ್ಯಾಪ್‌ಟಾಪ್ ಅಂದರೆ ಸಿಟ್ಟು. ಆದರೂ ಸ್ಟೇರಿಂಗ್ ಹಿಡಿಯಲು ಅವನೇ ಬಂದ. ನಾನು ಬಾಜೂಕ ಕುಂತೆ. ತೊಡಿ ಮ್ಯಾಲೆ ಏನೂ ಇರಲಿಲ್ಲ. ಕೈ ಎಲ್ಲಿ ಇಡಬೇಕೋ ತಿಳಿಯಲಿಲ್ಲ.

ಊರು ದಾಟಿ ಬಾಳ ದೂರ ಬಂದೆವು. ಎರಡೂ ಕಡೆ ಭತ್ತದ ಗದ್ದಿ. ಚಲೋ ಗಾಳಿ. ನಾನು ಮಾತಾಡುತ್ತಿದ್ದೆ. ಮೇಸ್ತ್ರಿ ಸುಮ್ಮನೆ ಇದ್ದ.

"ಯಾಕ ಸುಮ್ಮನಿದ್ದಿ?"

"ಲಾರಿ ನೋಡಾಕತ್ತೀನಿ."

"ಏನಾಗೈತಿ ಲಾರಿಗೆ?"

"ಏನೂ ಆಗಿಲ್ಲ. ಸಣ್ಣದಾಗಾಕತ್ತೈತಿ."

ಹಗ್ಗ ಹರಿದಿತ್ತು. ಲಾರಿ ಸಣ್ಣದಾಗಿ, ಇನ್ನೂ ಸಣ್ಣದಾಗಿ, ಕಾಣದಂಗಾಯಿತು. ಕಾರು ಗದ್ದಿ ಬಾಜೂಕ ನಿಂತಿತು. ಫೋನ್ ಹಚ್ಚಿದೆ. ಎತ್ತಲಿಲ್ಲ. ನಾಟಿ ಹಚ್ಚುತ್ತಿದ್ದ ಹೆಣ್ಣುಮಕ್ಕಳು ಸೊಂಟ ನೆಟ್ಟಗೆ ಮಾಡಿ ನಮ್ಮನ್ನು ನೋಡಿದರು.

"ಏನಾತ್ರಿ ಯಜಮಾನ್ರ?"

"ಗರ್ ಅಂತೈತವ್ವ, ಚಾಲೂ ಆಗವಲ್ದು."

"ನಮ್ಮನಿಯವ್ರೂ ಹಂಗ ಅದಾರ!" ಅಂದಳು ಒಬ್ಬಾಕಿ. ಇಡೀ ಗದ್ದಿ ನಕ್ಕಿತು.

ಗದ್ದಿ ಮಾಲೀಕ ಎತ್ತು ತಂದ. ನೊಗಕ್ಕೆ ಕಾರು ಕಟ್ಟಿದ. ಎತ್ತುಗಳು ಹಿಂದೆ ತಿರುಗಿ ಕಾರು ನೋಡಿ, ಗಾಬರಿಯಾಗಿ, ಚಲೋ ವೇಗದಾಗ ಹೊರಟವು. ದಾರಿಯಾಗ ಒಂದು ಬೈಕಿನವ ಬಾಜೂಕ ಬಂದು ಕೇಳಿದ, "ಯಜಮಾನ್ರ, ಆವರೇಜ್ ಎಷ್ಟು ಕೊಡ್ತೈತ್ರಿ?"

ಎತ್ತಿನವ ಹೇಳಿದ, "ಒಂದು ಹೊರಿ ಹುಲ್ಲಿಗೆ ಸಿರುಗುಪ್ಪ."

ಸಿರುಗುಪ್ಪದ ಹತ್ತಿರ ಬಂದಾಗ ಲಾರಿಯವನ ಫೋನ್ ಬಂತು. ಅವನು ಮನಿ ಮುಟ್ಟಿದ್ದ. ಕಾಲು ತೊಳಕೊಂಡು, ಊಟಕ್ಕೆ ಕುಂತಾಗ ಹೆಂಡತಿ ಕೇಳಿದ್ದಳಂತೆ, ಲಾರಿ ಹಿಂದೆ ಹಗ್ಗ ಯಾಕ ಜೋತಾಡಾಕತ್ತೈತಿ ಅಂತ. "ಸಿರುಗುಪ್ಪದಾಗ ನಿಮ್ಮನ್ನ ಇಳಿಸಬೇಕು ಅನ್ನೋದು ಮರತೇಹೋತಪ್ಪ. ಎಲ್ಲಿ ಅದೀರಿ?" ಅಂದ.

"ಎತ್ತಿನ ಹಿಂದ," ಅಂದೆ.

ಕಂಪ್ಯೂಟರ್ ಮೆಕ್ಯಾನಿಕ್ ಶುಚಿಯಾದ ಅಂಗಿ ಹಾಕಿದ್ದ. ಎತ್ತು ಕಟ್ಟಿದ ಕಾರು ಅಂಗಡಿಗೆ ಬಂದದ್ದು ನೋಡಿ ಎದ್ದು ನಿಂತ. ವಯರ್ ಹಿಡಿದು ಕಾರಿನ ಒಳಗೆ ತಲಿ ಹಾಕಿದ. ಕೆಳಗೆ ನೋಡಿದ. ಮ್ಯಾಲೆ ನೋಡಿದ. "ಇದಕ್ಕ ಎಲ್ಲಿ ಚುಚ್ಚೋದ್ರಿ? ಇದಕ್ಕ ತೂತ ಇಲ್ಲ."

"ಇದು ಹುಟ್ಟಿದಾಗ ನಿಮ್ಮ ಕಂಪ್ಯೂಟರ್ ಹುಟ್ಟಿರಲಿಲ್ಲ," ಅಂದ ಮೇಸ್ತ್ರಿ. ಖುಷಿಯಿಂದ ಅಂದ.

"ತಡೀರಿ, ಹಳೇ ಗಾಡಿ ಲಿಸ್ಟ್‌ನಾಗ ನೋಡ್ತೀನಿ," ಅಂತ ಅವನು ಲ್ಯಾಪ್‌ಟಾಪ್ ಒತ್ತಿದ. ಫ್ಯಾನ್ ಸದ್ದು ಬಂತು. ದೀಪ ಮಿಣುಕಿತು. ಪರದಿ ಕಪ್ಪಗೇ ಇತ್ತು. ಮತ್ತೆ ಒತ್ತಿದ. ಮತ್ತೆ ಅದೇ.

ಮೇಸ್ತ್ರಿ ಅದರ ಮ್ಯಾಲೆ ಬಗ್ಗಿ ಕಿವಿ ಕೊಟ್ಟ. "ಗರ್ ಅಂತೈತಿ," ಅಂದ. "ಚಾಲೂ ಆಗವಲ್ದು."

ಐದು: ಇಲಿಯ ಪಾಲು

ಲ್ಯಾಪ್‌ಟಾಪಿಗೆ ಅವನು ಗೆಳೆಯನನ್ನು ಕರೆಸಿದ. ಆ ಗೆಳೆಯ ಇನ್ನೊಬ್ಬನನ್ನು ಕರೆಸಿದ. ಅವರೆಲ್ಲ ಅದರ ಸುತ್ತ ನಿಂತರು. ನಮ್ಮ ಕಾರು ಮರತೇಹೋಯಿತು.

ಮೇಸ್ತ್ರಿಗೆ ಕೈ ಕಡಿಯುತ್ತಿತ್ತು. "ಕರೆಂಟು ಆತು, ಎಣ್ಣಿ ಆತು. ಗಾಳಿ ನೋಡೇ ಇಲ್ಲ ನಾವು," ಅಂದ. ಗಾಳಿ ಡಬ್ಬಿಯ ನಟ್ಟು ಬಿಚ್ಚಿದ. ಮುಚ್ಚಳ ಎತ್ತಿದ. ಅಷ್ಟರಾಗ ಮಗಳು ದವಾಖಾನಿಯಿಂದ ಬಂದಳು. ಬಿಳಿ ಬಟ್ಟಿಯಾಗೇ ಬಂದಿದ್ದಳು.

ಡಬ್ಬಿ ತುಂಬ ರೊಟ್ಟಿ.

ಕಡಕ್ ರೊಟ್ಟಿ. ಚೂರು ಚೂರು. ಒಂದರ ಮ್ಯಾಲೆ ಒಂದು ಒತ್ತಾಗಿ ಜೋಡಿಸಿದ್ದವು. ಹಿಂದಿನ ಸೀಟಿನ ಕೆಳಗೆ ನಮ್ಮಾಕಿಯ ಕಡೆಯ ದಿನದ ಬುಟ್ಟಿ ಹಂಗೇ ಇತ್ತು, ಯಾರೂ ತೆಗೆದಿರಲಿಲ್ಲ. ಇಲಿ ಒಂದೊಂದೇ ಹೊತ್ತು ತಂದು ಇಲ್ಲಿ ಪೇರಿಸಿ, ಮ್ಯಾಲೆ ಅರಿವಿ ಚೂರು ಹಾಸಿ ಸಂಸಾರ ಮಾಡಿತ್ತು. ಕಾರಿಗೆ ಉಸಿರಾಡಲು ಜಾಗವೇ ಇರಲಿಲ್ಲ.

ಮೇಸ್ತ್ರಿ ಒಂದು ಚೂರು ತೆಗೆದು ಮುರಿದ. ಟಕ್ ಅಂತು. "ಇನ್ನೂ ಕಡಕ್ ಐತಿ," ಅಂದ.

ನಾನು ಆ ಚೂರು ಇಸಕೊಂಡೆ. ಎಳ್ಳು ಹಚ್ಚಿದ ರೊಟ್ಟಿ. ಅಂಚಿನಲ್ಲಿ ಬೆರಳಿನ ಗುರುತು. ಕೈಯಾಗ ಹಿಡಕೊಂಡು ನಿಂತೆ. ಮಗಳು ನನ್ನ ಭುಜಕ್ಕೆ ಬಂದು ನಿಂತಳು. ಆಕಿ ಅಳುತ್ತಾಳೆ ಅಂದುಕೊಂಡೆ. ನಾನೂ ಅಳೋನೇ ಇದ್ದೆ.

ಮಗಳು ಡಬ್ಬಿಯೊಳಗೆ ಬಗ್ಗಿ ನೋಡಿದಳು. ಚೂರುಗಳ ಮ್ಯಾಲೆ ಸಣ್ಣ ಸಣ್ಣ ಹಲ್ಲಿನ ಗೀರು. ಒಂದೂ ತಿಂದಿರಲಿಲ್ಲ.

"ಅಪ್ಪಾ," ಅಂದಳು. "ಅವ್ವನ ರೊಟ್ಟಿ ಇಲಿಗೂ ಕಡಿಯಾಕ ಆಗಿಲ್ಲ ನೋಡು."

ಮೊದಲು ಮೇಸ್ತ್ರಿ ನಕ್ಕ. ಆಮ್ಯಾಲೆ ಆಕಿ. ಆಮ್ಯಾಲೆ ನಾನು. ಹೊಟ್ಟಿ ಹಿಡಕೊಂಡು ಕಾರಿನ ಬಂಪರ್ ಮ್ಯಾಲೆ ಕುಂತೆ. ಲ್ಯಾಪ್‌ಟಾಪಿನವರು ತಿರುಗಿ ನೋಡಿದರು. ಕಣ್ಣೀರು ಬರ್ತಿತ್ತು, ನಗುವಿನದೋ ಯಾವುದರದೋ, ನಾನು ನೋಡಲು ಹೋಗಲಿಲ್ಲ. ನಮ್ಮಾಕಿ ಹೋದ ಮ್ಯಾಲೆ ನಾನು ನಕ್ಕದ್ದು ಅವತ್ತೇ.

ರೊಟ್ಟಿ ತೆಗೆದು, ಡಬ್ಬಿ ಊದಿ, ಕೀಲಿ ತಿರುವಿದೆವು. ಗರ್ ಅಂತು. ಫಟ್ ಅಂತು. ಎರಡು ಉಸಿರು ತಗೊಂಡಿತು. ನಿಂತಿತು.

"ಅಪ್ಪಾ," ಅಂದಳು ಮಗಳು. ಈಗ ನಗು ಇರಲಿಲ್ಲ. "ಅಮಾಸಿ ನಾಡದು."

"ಗೊತ್ತೈತಿ."

ಕರೂರಿನ ಲಾರಿಯವ ನಾಚಿಕೊಂಡು ಬಂದು ವಾಪಸ್ ಬಳ್ಳಾರಿಗೆ ಎಳಕೊಂಡು ಹೋದ. ಈ ಸಲ ಕಬ್ಬಿಣದ ಸರಪಳಿ ಹಾಕಿದ್ದ. ದಾರಿ ತುಂಬ ತಲಿ ಹೊರಗೆ ಹಾಕಿ "ಅದೀರೇನು?" ಅಂತ ಕೂಗಿ ಕೂಗಿ ಕೇಳಿದ. "ಅದೀವಿ" ಅಂತ ನಾವು ಕೂಗಿ ಕೂಗಿ ಹೇಳಿದೆವು. ಬಳ್ಳಾರಿ ಮುಟ್ಟಿದಾಗ ಮೂವರಿಗೂ ಗಂಟಲು ಇರಲಿಲ್ಲ.

ಕಡೇದು: ಚೀಲ

ಅಮಾಸಿ ದಿನ ಮಗಳು ಗುಜರಿಯವನನ್ನು ಕರಕೊಂಡು ಬಂದಳು. ದಪ್ಪನ ಮನುಷ್ಯ. ಮನಸ್ಸು ಮೆತ್ತಗೆ. ಕಾರಿನ ಮ್ಯಾಲೆ ಕೈ ಇಡುವಾಗ ನನ್ನನ್ನು ನೋಡಿ ಕೈ ತೆಗೆದ. ಕುರುಗೋಡಿನ ಅಕ್ಕನೂ ಬಂದಿದ್ದಳು, ತಂಗಿಯ ಗಾಡಿಗೆ ಕಡೇ ಆರತಿ ಮಾಡಲು. ಕಾಯಿ, ಬಾಳೆಹಣ್ಣಿನ ಗೊನಿ, ಹಿತ್ತಾಳಿ ಆರತಿ ತಟ್ಟಿ ಎಲ್ಲಾ ಒಂದೇ ಚೀಲದಾಗ ತುಂಬಿಕೊಂಡಿದ್ದಳು. ಚೀಲ ನೋಡಿದರೆ ನನ್ನಂಥ ಹಮಾಲಿಗೂ ಸೊಂಟ ನೋಯಬೇಕು.

ಬ್ಯಾಂಡಿನವ ದೂರ ನಿಂತಿದ್ದ. ಕ್ಲಾರಿನೆಟ್ ಬಗಲಾಗ ಇತ್ತು. "ಕಳಿಸಿಕೊಡೋವಾಗ ಊದೋಣ ಅಂತ ತಂದೀನಿ ಮಾವಾ," ಅಂದ.

"ಕಡೀ ಸಲ ತಿರುವು ಮೇಸ್ತ್ರಿ ಕಾಕಾ," ಅಂದಳು ಮಗಳು. ಆಕಿಯ ದನಿ ಸರಿ ಇರಲಿಲ್ಲ. ಗುಜರಿಯವನನ್ನು ತಾನೇ ಕರೆದು ತಂದಿದ್ದಳು, ಆದರೂ ಅವನ ಮುಖ ನೋಡುತ್ತಿರಲಿಲ್ಲ.

ಮೇಸ್ತ್ರಿ ಕುಂತ. ಅಕ್ಕ "ನಾನೂ ಒಮ್ಮಿ ಕುಂದರ್ತೀನಿ, ತಂಗಿ ಗಾಡಿ" ಅಂತ ಬಾಜೂಕ ಹತ್ತಿದಳು. ಆ ಚೀಲ ಕಾಲಾಗ ಹಿಡಿಯಲಿಲ್ಲ. ತೊಡಿ ಮ್ಯಾಲೆ ಹಿಡಿಯಲಿಲ್ಲ. ಎದುರಿಗೆ, ಸ್ಟೇರಿಂಗಿನ ಬಾಜೂಕ, ಒಂದು ಕರೀ ಗುಂಡಿ ಮೂಗಿನಂಗೆ ಹೊರಗೆ ಬಂದಿತ್ತು.

"ಚೀಲದ ಗೂಟ ಇಲ್ಲೇ ಐತಲ್ಲ," ಅಂತ ಚೀಲವನ್ನು ಅದಕ್ಕೇ ತೂಗುಹಾಕಿದಳು. ಗುಂಡಿ ಪೂರಾ ಹೊರಗೆ ಬಂತು.

"ಅಕ್ಕಾರ, ಅದು ಗೂಟ ಅಲ್ರಿ, ಚೋಕು," ಅಂದ ಮೇಸ್ತ್ರಿ. ಅನ್ನುತ್ತಲೇ ಕೀಲಿ ತಿರುವಿದ.

ಗರ್ ಅಂತು. ಗರ್ ಅಂತು. ಢಮ್ ಅಂತು. ಆಮ್ಯಾಲೆ ಕಾರು ಎದ್ದಿತು.

ಎದ್ದೇಬಿಟ್ಟಿತು. ಡರ್ ಡರ್ ಡರ್ ಅಂತ ಇಡೀ ಮೈ ಅಲುಗಿಸಿತು. ಹಿಂದಿನಿಂದ ಕರೀ ಹೊಗಿ ಬಂತು. ಇಸ್ತ್ರಿಯವನ ಬಿಳಿ ಅಂಗಿಗಳೆಲ್ಲ ಬೂದಿ ಬಣ್ಣ ಆದವು. ಅವನು ಬೈಯುವ ಬದಲು ಕುಣಿದ. ಬ್ಯಾಂಡಿನವ ಕಳಿಸಿಕೊಡುವ ಹಾಡು ಮರತು ಮದುವಿ ಹಾಡು ಊದಿದ. ನಾನು ಕಟ್ಟಿ ಮ್ಯಾಲಿಂದ ಇಳಿಯುವುದೂ ಮರತು ಅಲ್ಲೇ ಕೂಗಿದೆ, "ಬಂದ್ ಮಾಡಬ್ಯಾಡ್ರಿ! ಯಾರೂ ಬಂದ್ ಮಾಡಬ್ಯಾಡ್ರಿ!"

ಮೇಸ್ತ್ರಿ ಹಣಿ ಬಡಕೊಂಡ. "ಅರೇ, ತಣ್ಣಗಿರೋ ಇಂಜಿನ್ನಿಗೆ ಚೋಕು ಎಳೀಬೇಕು, ಎಣ್ಣಿ ಜಾಸ್ತಿ ಹೋಗ್ತೈತಿ. ನಾನು ದಿನಾ ಎಳೀತಿದ್ದೆ. ಸ್ಪ್ರಿಂಗ್ ಹಾಳಾಗಿ, ಕೈ ಬಿಟ್ಟ ಕೂಡ್ಲೇ ಒಳಗ ಹೋಗ್ತಿತ್ತೇನೋ, ನಾನು ನೋಡೇ ಇಲ್ಲ."

"ನಮ್ಮ ತಂಗಿನೂ ಇಲ್ಲೇ ಚೀಲ ಹಾಕ್ತಿದ್ಲು," ಅಂದಳು ಅಕ್ಕ. "ಚೋಕೂ ಇಲ್ಲ ಏನೂ ಇಲ್ಲ. ಇದು ನನ್ನ ಇಬತ್ತಿ."

"ಈಗ ಬಿಸಿ ಆಗೈತ್ರಿ, ಚೀಲ ತಗೀರಿ, ಹೊಗಿ ಬಾಳ ಬರಾಕತ್ತೈತಿ."

"ಚೀಲಕ್ಕ ಕೈ ಹಚ್ಚಿದ್ರ ನೋಡು!"

ಮೇಸ್ತ್ರಿ ಕೈ ಹಿಂದೆ ತಗೊಂಡ.

"ಪೆಟ್ರೋಲ್ ಕಮ್ಮಿ ಐತಿ. ಬಂಕಿಗೆ ಹೋಗಬೇಕು, ಇಲ್ಲಂದ್ರ ತಾನಾಗೇ ನಿಲ್ತೈತಿ," ಅಂದ. ಎಲ್ಲರೂ ಹತ್ತಿದೆವು. ನಾನು, ಮಗಳು ಹಿಂದೆ. ಗುಜರಿಯವ ಕೆಳಗೆ ನಿಂತಿದ್ದ. ಅವನನ್ನೂ ಒಳಗೆ ಎಳಕೊಂಡೆವು. ಯಾಕೆ ಎಳಕೊಂಡೆವೋ ಈಗಲೂ ತಿಳಿದಿಲ್ಲ. ಖುಷಿಯಾಗ ಕೈಗೆ ಸಿಕ್ಕವರನ್ನು ಎಳಕೊಂಡೆವು.

ಬಂಕಿನಾಗ ಪೆಟ್ರೋಲ್ ಹಾಕುವವ ಹೊಗಿ ನೋಡಿ ನಾಲ್ಕು ಹೆಜ್ಜಿ ಹಿಂದೆ ಸರಿದ. "ಇಂಜಿನ್ ಬಂದ್ ಮಾಡ್ರಿ."

"ಬಂದ್ ಮಾಡಂಗಿಲ್ಲ," ಅಂದಳು ಅಕ್ಕ.

"ಬಂದ್ ಮಾಡದ ಹಾಕಂಗಿಲ್ರಿ. ರೂಲ್ ಐತಿ."

"ಬಂದ್ ಮಾಡಿದ್ರ ನೀ ಚಾಲೂ ಮಾಡಿ ಕೊಡ್ತೀಯೇನು?"

ಮೇಸ್ತ್ರಿ ಇಳಿದು ಅವನಿಗೆ ತಿಳಿಸಿ ಹೇಳಲು ಹೋದ. ಹಿಂದೆ ಒಂದು ಆಟೋ, ಒಂದು ಟ್ರ್ಯಾಕ್ಟರ್, ಬೈಕುಗಳು. ಎಲ್ಲರೂ ಹಾರ್ನ್ ಹೊಡೆದರು. ಆಟೋದವ ಇಳಿದು ಬಂದು ತಾನೂ ಬಾನೆಟ್ ಎತ್ತಲು ನೋಡಿದ.

ನಾನು ಇಳಿದು ಮುಂದೆ ಹೋದೆ. ಸ್ಟೇರಿಂಗಿನ ಮುಂದೆ ಕುಂತೆ. ಅದು ನಮ್ಮಾಕಿ ಸೀಟು. ಹಿಂದಿನಿಂದ ಮಗಳು "ಅಪ್ಪಾ, ಬ್ಯಾಡ," ಅಂದಳು. ಗುಜರಿಯವ, "ಬ್ಯಾಡ್ರಿ ಯಜಮಾನ್ರ, ಇಷ್ಟು ಚಲೋ ಓಡಾಕತ್ತೈತಿ," ಅಂದ. ಅವನ ಬಾಯಿಂದ ಆ ಮಾತು ಬಂತು.

ಕೀಲಿ ಹಿಂದಕ್ಕೆ ತಿರುವಿದೆ.

ಕಾರು ಸುಮ್ಮನಾಯಿತು. ಬಂಕೇ ಸುಮ್ಮನಾಯಿತು. ಹಾರ್ನ್ ಸುದ್ದಾ ನಿಂತಿತು. ನಾನು ಉಸಿರು ಬಿಟ್ಟು ಕೀಲಿ ಮುಂದಕ್ಕೆ ತಿರುವಿದೆ.

ಗರ್. ಡರ್ ಡರ್ ಡರ್.

ಮತ್ತೆ ಬಂದ್ ಮಾಡಿದೆ. ಮತ್ತೆ ಚಾಲೂ ಮಾಡಿದೆ. ಬಂದ್ ಮಾಡಿದೆ. ಚಾಲೂ ಮಾಡಿದೆ. ನನಗೆ ನಗು ತಡೆಯಲು ಆಗಲಿಲ್ಲ. ಮಗಳು ಹಿಂದಿನಿಂದ ನನ್ನ ಕುತ್ತಿಗಿ ತಬ್ಬಿಕೊಂಡು ನಗುತ್ತಿದ್ದಳು.

ಬಂಕಿನವ ಪೈಪ್ ಹಿಡಕೊಂಡು ದೂರ ನಿಂತಿದ್ದ. "ಅಜ್ಜಾ, ಪೆಟ್ರೋಲ್ ಹಾಕಿಸ್ತೀಯೋ, ಆಟ ಆಡ್ತೀಯೋ?"

"ಹಾಕ್ರಿ," ಅಂದಳು ಮಗಳು. ಕಣ್ಣು ಒರೆಸಿಕೊಂಡಳು. "ಪೂರಾ ತುಂಬ್ರಿ. ನಮ್ಮ ಅಪ್ಪ ಡ್ರೈವಿಂಗ್ ಕಲೀತಾನ."

ನಾನು ಬಂದ್ ಮಾಡಿದೆ. ಬಂಕಿನವ ಹತ್ತಿರ ಬಂದು ತುಂಬಿಸಲು ಹತ್ತಿದ. ಮುಳ್ಳು ಅರ್ಧಕ್ಕೇ ಇತ್ತು.

ಗುಜರಿಯವ ಹಿಂದಿನ ಸೀಟಿನಾಗ ಇನ್ನೂ ಕುಂತಿದ್ದ. ಮುಂಜಾನೆ ಮನಿ ಬಿಟ್ಟವ, ಏನೂ ತಿಂದಿರಲಿಲ್ಲ. ನಾಚಿಕೊಂಡು ಮುಂದೆ ಬಗ್ಗಿದ.

"ಅಕ್ಕಾರ, ಗಾಡಿ ಅಂತೂ ನನಗ ಸಿಗಲಿಲ್ಲ. ಆ ಚೀಲದಾಗಿನ ಒಂದು ಬಾಳೆಹಣ್ಣರ ಕೊಡ್ರಿ."

ಅಕ್ಕ ಎರಡೂ ಕೈಯಿಂದ ಚೀಲ ಹಿಡಕೊಂಡಳು.

"ಮುಟ್ಟೀಯ, ಜ್ವಾಕಿ! ಒಂದು ಹಣ್ಣು ಕಮ್ಮಿ ಆತಂದ್ರ ಮತ್ತ ಗರ್ ಅಂತೈತಿ!"